ಧ್ವನಿಮುದ್ರಿಕೆಗಳ ವರ್ಗೀಕರಣ: ಪುಣೆಯ ಕನ್ನಡ ಕಂಠಗಳನ್ನು ಕುರಿತು ಒಂದು ವಿಚಾರ

೧

ಕುಂದಗೋಳದ ರಾಮಭಾವು ೧೯೫೨ರ ಸೆಪ್ಟೆಂಬರ್ ತಿಂಗಳಲ್ಲಿ ಪುಣೆಯಲ್ಲಿ ಕಾಲವಾದರು. ಸವಾಯಿ ಗಂಧರ್ವರೆಂಬ ಬಿರುದಿನಿಂದ ದೇಶಕ್ಕೆಲ್ಲ ಪರಿಚಿತರಾಗಿದ್ದ ಆ ಗಾಯಕರ ನೆನಪಿಗಾಗಿ ಅವರ ಶಿಷ್ಯರಾದ ಭೀಮಸೇನ ಜೋಶಿಯವರು ೧೯೫೩ರಲ್ಲಿ ಅದೇ ಊರಿನಲ್ಲಿ ಸಂಗೀತೋತ್ಸವವೊಂದನ್ನು ಆರಂಭಿಸಿದರು. ಧಾರವಾಡ ಸೀಮೆಯ ಕಂಠ ಪುಣೆಯಲ್ಲಿ ಮನೆಮಾಡಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಕುಮಾರ ಗಂಧರ್ವ ಇವರೆಲ್ಲರೂ ಕನ್ನಡ ನೆಲದಲ್ಲಿ ಹುಟ್ಟಿ, ಮರಾಠಿ ರಸಿಕರ ಮನ್ನಣೆಯನ್ನು ಪಡೆದು, ಹಿಂದುಸ್ತಾನಿ ಸಂಗೀತದ ಇತಿಹಾಸದಲ್ಲಿ ನಿಂತವರು. ಇವರಲ್ಲಿ ಯಾರೂ ಇಂದು ನಮ್ಮೊಡನಿಲ್ಲ. ಉಳಿದಿರುವುದು ಶಿಷ್ಯಪರಂಪರೆ, ಕೇಳಿದವರ ನೆನಪು ಮತ್ತು ಧ್ವನಿಮುದ್ರಿಕೆಗಳು. ಇವುಗಳಲ್ಲಿ ಮೊದಲನೆಯದು ಬದಲಾಗುತ್ತ ಹೋಗುತ್ತದೆ; ಎರಡನೆಯದು ಮನುಷ್ಯನೊಡನೆಯೇ ಅಳಿಯುತ್ತದೆ; ಮೂರನೆಯದು ಮಾತ್ರ ಹಾಗೆಯೇ ಉಳಿಯಬಲ್ಲುದು. ಆದರೆ ಉಳಿಯುವುದು ಬೇರೆ, ಸಿಕ್ಕುವುದು ಬೇರೆ.

ಪುಸ್ತಕವೊಂದು ಕಪಾಟಿನಲ್ಲಿ ತಪ್ಪು ಸ್ಥಳದಲ್ಲಿದ್ದರೂ ಅದರ ಬೆನ್ನಿನ ಮೇಲಿನ ಹೆಸರು ಹಾದುಹೋಗುವವನ ಕಣ್ಣಿಗೆ ಎಂದಾದರೊಮ್ಮೆ ಬಿದ್ದೀತು. ಗ್ರಾಮಫೋನ್ ತಟ್ಟೆಗೆ ಅಂಥ ಬೆನ್ನೇ ಇಲ್ಲ. ಕಾಗದದ ಚೀಲದಲ್ಲಿ ಒಂದರ ಪಕ್ಕಕ್ಕೊಂದು ನಿಲ್ಲಿಸಿದ ನೂರು ತಟ್ಟೆಗಳು ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ. ಅರಗಿನ ತಟ್ಟೆಯನ್ನು ಮೇಲಿಂದ ಮೇಲೆ ಹೊರಗೆಳೆದು ನೋಡುವುದೆಂದರೆ ಅದನ್ನು ಒಡೆಯುವ ದಾರಿ. ಸುರುಳಿಪಟ್ಟಿಯ ಮಾತಂತೂ ಇನ್ನೂ ಕಷ್ಟ: ಪೆಟ್ಟಿಗೆಯ ಮೇಲೆ ಬರೆದುದು ಅಳಿಸಿತೆಂದರೆ ಒಳಗಿನದನ್ನು ಆದಿಯಿಂದ ಅಂತ್ಯದವರೆಗೆ ಕೇಳದೆ ಏನೆಂದು ತಿಳಿಯದು. ಆದಕಾರಣ ಧ್ವನಿಮುದ್ರಿಕೆಗಳ ವಿಷಯದಲ್ಲಿ ಸೂಚಿಯೇ ಕಣ್ಣು. ಸೂಚಿಯಲ್ಲಿ ಬಾರದುದು ಸಂಗ್ರಹದಲ್ಲಿ ಇದ್ದೂ ಇಲ್ಲದಂತೆ. ಹೀಗಿರುವುದರಿಂದ ಯಾವ ತತ್ತ್ವದ ಮೇಲೆ ಈ ಸೂಚಿಗಳನ್ನು ರಚಿಸಲಾಗುತ್ತದೆ, ಆ ತತ್ತ್ವದ ಜರಡಿಯಲ್ಲಿ ಕನ್ನಡ ಕಂಠಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ, ಎಷ್ಟರಮಟ್ಟಿಗೆ ಸೋರಿಹೋಗುತ್ತವೆ ಎಂಬುದನ್ನು ಪರಿಶೀಲಿಸುವುದು ಕೇವಲ ಗ್ರಂಥಪಾಲರ ಕೆಲಸವಲ್ಲ. ಸಂಗೀತದ ಇತಿಹಾಸವನ್ನು ಬರೆಯಬಯಸುವವರೆಲ್ಲರ ಕೆಲಸ.

೨

ಧ್ವನಿಮುದ್ರಿಕೆಗಳಿಗೆ ಮೊದಲ ವರ್ಗೀಕರಣವನ್ನು ಮಾಡಿದವರು ವಿದ್ವಾಂಸರಲ್ಲ, ವ್ಯಾಪಾರಿಗಳು. ೧೯೦೨ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೋಹರ್ ಜಾನ್ ಮುಂತಾದವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಲೆಂದು ಹಾಡಿನ ಕೊನೆಯಲ್ಲಿ ಗಾಯಕಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಿದ್ದುದುಂಟು. ಈ ರೂಢಿಯನ್ನು ಕೇಳಿ ಇಂದಿನವರು ನಗುವುದುಂಟು. ಆದರೆ ವಿಚಾರಿಸಿ ನೋಡಿದರೆ ಭಾರತೀಯ ಧ್ವನಿಮುದ್ರಿಕೆಗಳ ಮೊದಲ ಸೂಚೀಕಾರಳು ಆ ಗಾಯಕಿಯೇ. ವಸ್ತುವಿನ ಗುರುತು ವಸ್ತುವಿನೊಳಗೇ ಅಡಕವಾಗಿರಬೇಕು, ಹೊರಗಿನ ಚೀಟಿ ಕಳೆದುಹೋದರೂ ಗುರುತು ಕಳೆಯಬಾರದು ಎಂಬ ತತ್ತ್ವ ಆ ರೂಢಿಯಲ್ಲಿ ಅಡಗಿದೆ.

ಕಂಪನಿ ಎರಡು ಬಗೆಯ ಸಂಖ್ಯೆಗಳನ್ನು ಬಳಸಿತು. ಮುದ್ರಣದ ಸಮಯದಲ್ಲಿ ಅಚ್ಚಿಗೆ ಕೊಟ್ಟ ಸಂಖ್ಯೆ ಒಂದು. ಮಾರಾಟಕ್ಕಾಗಿ ತಟ್ಟೆಗೆ ಕೊಟ್ಟ ಸಂಖ್ಯೆ ಇನ್ನೊಂದು. ಅದೇ ಅಚ್ಚು ಮುಂದೆ ಬೇರೊಂದು ಮಾಲೆಯಲ್ಲಿ, ಬೇರೊಂದು ಚೀಟಿಯೊಡನೆ ಹೊರಬಿದ್ದಾಗ ಮಾರಾಟದ ಸಂಖ್ಯೆ ಬದಲಾಗುತ್ತದೆ, ಅಚ್ಚಿನ ಸಂಖ್ಯೆ ಬದಲಾಗದು. ಈ ಭೇದವನ್ನು ಅರಿಯದ ಸೂಚೀಕಾರನು ಒಂದೇ ಹಾಡುಗಾರಿಕೆಯನ್ನು ಎರಡೆಂದು ಎಣಿಸುತ್ತಾನೆ. ಅದೇ ರಾಗವನ್ನು ಅದೇ ಗಾಯಕನು ಬೇರೆ ಬೇರೆ ಕಾಲದಲ್ಲಿ ಹಾಡಿದ ಎರಡು ಮುದ್ರಿಕೆಗಳನ್ನು ಒಂದೆಂದು ಎಣಿಸುವ ಅಪಾಯವೂ ಅಷ್ಟೇ ಇದೆ. ಆಸ್ಟ್ರೇಲಿಯದ ಮೈಕೆಲ್ ಕಿನ್ನಿಯರ್ ಅವರು ೧೮೯೯ರಿಂದ ೧೯೦೮ರವರೆಗಿನ ಗ್ರಾಮಫೋನ್ ಕಂಪನಿಯ ಭಾರತೀಯ ಮುದ್ರಣಗಳನ್ನು ಕುರಿತು ೧೯೯೪ರಲ್ಲಿ ಪ್ರಕಟಿಸಿದ ಗ್ರಂಥ, ಅಬ್ದುಲ್ ಕರೀಮ್ ಖಾನರ ಜೀವನ ಹಾಗೂ ಮುದ್ರಿಕೆಗಳನ್ನು ಕುರಿತ ೨೦೦೩ರ ಗ್ರಂಥ, ೧೯೯೦ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಧ್ವನಿಮುದ್ರಿಕಾ ಸಂಗ್ರಾಹಕರ ಸಂಘದ ಪತ್ರಿಕೆ, ಇವೆಲ್ಲವೂ ಸಂಖ್ಯೆಗಳ ಈ ಶಿಸ್ತನ್ನು ಪಾಲಿಸಿ ಬಂದುದರಿಂದಲೇ ನಂಬಿಕೆಗೆ ಅರ್ಹವಾಗಿವೆ. ಈ ಉಪಕಾರವನ್ನು ಯಾರೂ ಮರೆಯಲಾಗದು.

ಆದರೆ ಸಂಖ್ಯೆಯ ಶಿಸ್ತು ಗುರುತನ್ನು ಕೊಡುತ್ತದೆಯೇ ಹೊರತು ಅರ್ಥವನ್ನಲ್ಲ. ಕಂಪನಿಯ ಮಾರಾಟದ ಪಟ್ಟಿಗಳು ಭಾಷೆಯ ಮೇಲೆ ವಿಂಗಡವಾಗುತ್ತಿದ್ದುವು. ಏಕೆಂದರೆ ಹುಬ್ಬಳ್ಳಿಯ ಅಂಗಡಿಗೆ ಯಾವ ತಟ್ಟೆ, ಪುಣೆಯ ಅಂಗಡಿಗೆ ಯಾವ ತಟ್ಟೆ ಎಂಬುದೇ ಅವರ ಪ್ರಶ್ನೆಯಾಗಿತ್ತು. ಈ ವ್ಯಾಪಾರೀ ವಿಂಗಡಣೆ ಗ್ರಂಥಾಲಯಗಳಿಗೂ ಸಂಗ್ರಾಹಕರ ಮನೆಗಳಿಗೂ ಅರಿವಿಲ್ಲದೆ ಇಳಿದುಬಂದಿತು. ಅದರ ಪರಿಣಾಮವನ್ನು ಕನ್ನಡ ಕಂಠಗಳ ವಿಷಯದಲ್ಲಿ ನೋಡಬೇಕು. ಮನಸೂರರು ಖ್ಯಾಲನ್ನು ಹಾಡಿದರೆ ಹಿಂದುಸ್ತಾನಿ. ಮರಾಠಿ ಪದವನ್ನು ಹಾಡಿದರೆ ಮರಾಠಿ. ವಚನವನ್ನು ಹಾಡಿದರೆ ಕನ್ನಡ. ಒಬ್ಬನೇ ಗಾಯಕನು ಮೂರು ಕಪಾಟುಗಳಲ್ಲಿ ಮೂವರಾಗುತ್ತಾನೆ. ಮರಾಠಿ ಕಪಾಟನ್ನು ನೋಡುವವನಿಗೆ ಅವನ ವಚನಗಳು ತಿಳಿಯವು. ಕನ್ನಡ ಕಪಾಟನ್ನು ನೋಡುವವನಿಗೆ ಅವನ ಜೈಪುರ-ಅತ್ರೌಲಿ ಘರಾಣೆಯ ಅಪೂರ್ವ ರಾಗಗಳು ತಿಳಿಯವು. ವಚನದ ಹಾಡುಗಾರಿಕೆಯಲ್ಲಿ ಆ ಘರಾಣೆಯ ಸ್ವರಸಂಚಾರ ಹೇಗೆ ಇಳಿದಿದೆ ಎಂಬ ಮುಖ್ಯ ಪ್ರಶ್ನೆಯಂತೂ ಹುಟ್ಟುವ ಮೊದಲೇ ಸಾಯುತ್ತದೆ.

೩

ವ್ಯಾಪಾರಿಗಳ ವಿಂಗಡಣೆ ಹೀಗಾದರೆ ಗ್ರಂಥಾಲಯಶಾಸ್ತ್ರದ ವಿಂಗಡಣೆಯಾದರೂ ನೆರವಾಗಬಾರದೆ? ಡ್ಯೂಯಿಯವರ ದಶಮಾಂಶ ಪದ್ಧತಿಯಲ್ಲಿ ಸಂಗೀತಕ್ಕೆ ೭೮೦ರ ವರ್ಗ. ಅದರ ಹಿಂದಿನ ಆವೃತ್ತಿಗಳಲ್ಲಿ ಧ್ವನಿಮುದ್ರಣವನ್ನು ವಾದ್ಯಗಳ ಸಾಲಿನ ಕೊನೆಯಲ್ಲಿ, ೭೮೯.೯ ಎಂಬ ಸಂಖ್ಯೆಯ ಸುತ್ತ, ತಂದು ಸೇರಿಸಲಾಗಿತ್ತು. ಹಾಡು ಯಾವುದೇ ಇರಲಿ, ತಟ್ಟೆಯೆಂಬ ಕಾರಣಕ್ಕೆ ಅದು ಯಂತ್ರಗಳ ನೆರೆಯಲ್ಲಿ ಕುಳಿತುಕೊಳ್ಳಬೇಕಾಗಿತ್ತು. ೧೯೮೯ರ ಇಪ್ಪತ್ತನೆಯ ಆವೃತ್ತಿಯಲ್ಲಿ ಸಂಗೀತದ ಇಡೀ ವರ್ಗವನ್ನು ಹೊಸದಾಗಿ ರಚಿಸಿದ ಮೇಲೆ ಈ ದೋಷ ಬಹಳಮಟ್ಟಿಗೆ ತಿದ್ದಿತು. ಆದರೆ ಮೂಲದ ಕಟ್ಟೋಣ ಪಾಶ್ಚಾತ್ಯ ಸಂಗೀತದ್ದೇ. ರಾಗವೆಂಬುದು ಅಲ್ಲಿ ಒಂದು ವಿಭಾಗತತ್ತ್ವವಲ್ಲ, ಘರಾಣೆಯೂ ಅಲ್ಲ.

ಇದಕ್ಕಿಂತ ಆಳವಾದ ತೊಡಕು ಕರ್ತೃವಿನ ಕಲ್ಪನೆಯಲ್ಲಿದೆ. ೧೯೭೮ರ ಆಂಗ್ಲೋ-ಅಮೇರಿಕನ್ ಸೂಚೀಕರಣ ನಿಯಮಗಳ ಪ್ರಕಾರ ಧ್ವನಿಮುದ್ರಿಕೆಯಲ್ಲಿ ಒಂದೇ ಕೃತಿಯಿದ್ದರೆ ಅದರ ಪ್ರಧಾನ ನಮೂದು ಕೃತಿಕಾರನ ಹೆಸರಿಗೆ. ಬೇರೆ ಬೇರೆ ಕೃತಿಕಾರರ ಕೃತಿಗಳು ಕೂಡಿದ್ದರೆ ಪ್ರಧಾನ ಕಲಾವಿದನ ಹೆಸರಿಗೆ. ಬೀಥೋವನನ ಸಿಂಫನಿಯನ್ನು ಯಾರೇ ನುಡಿಸಲಿ, ಅದು ಬೀಥೋವನನದೇ ಎಂಬ ನ್ಯಾಯ ಅಲ್ಲಿಯ ಸಂಗೀತಕ್ಕೆ ಸಹಜವಾದುದು. ಕರ್ನಾಟಕ ಪದ್ಧತಿಯ ಕೃತಿಗಳಿಗೂ ಇದು ಒಂದಿಷ್ಟು ಒಪ್ಪೀತು. ತ್ಯಾಗರಾಜರ ಕೃತಿಯನ್ನು ತ್ಯಾಗರಾಜರ ಹೆಸರಿನಲ್ಲಿ ಹುಡುಕುವುದು ಅಸಹಜವಲ್ಲ. ಆದರೆ ಖ್ಯಾಲಿನ ಮಾತು ಬೇರೆ. ಅಲ್ಲಿ ಚೀಜು ಎರಡು ಸಾಲಿನದು. ಅದನ್ನು ಕಟ್ಟಿದವರು ಸದಾರಂಗರಿರಬಹುದು, ಅಜ್ಞಾತರಿರಬಹುದು. ಆ ಎರಡು ಸಾಲನ್ನು ಹಿಡಿದು ರಾಗವನ್ನು ಬೆಳೆಸುವವನು ಗಾಯಕನೇ. ಹಿಂದುಸ್ತಾನಿ ಗಾಯಕನನ್ನು ಕೇವಲ ಪ್ರಯೋಗಕಾರನೆಂದು ಎರಡನೆಯ ಸಾಲಿಗೆ ತಳ್ಳುವ ನಿಯಮ ಈ ಸಂಗೀತದ ಸ್ವಭಾವವನ್ನೇ ಅರಿಯದು. ವಚನದ ಮುದ್ರಿಕೆಯಲ್ಲಿ ಮತ್ತೆ ನ್ಯಾಯ ಬದಲಾಗುತ್ತದೆ: ಸಾಹಿತ್ಯ ಬಸವಣ್ಣನವರದು, ಸ್ವರಸಂಯೋಜನೆ ಇನ್ನೊಬ್ಬರದು, ಕಂಠ ಮತ್ತೊಬ್ಬರದು. ಇಲ್ಲಿ ಮೂವರಿಗೂ ಸಮಾನವಾದ ಹಕ್ಕಿದೆ. ಪ್ರಧಾನರು ಯಾರೆಂಬ ಪ್ರಶ್ನೆಯೇ ಇಲ್ಲಿ ತಪ್ಪು.

ಈ ತೊಡಕಿಗೆ ಪರಿಹಾರದ ದಾರಿ ತೋರಿಸಿದವರು ಭಾರತೀಯರೇ ಆದ ಎಸ್. ಆರ್. ರಂಗನಾಥನ್. ೧೯೩೩ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಅವರ ದ್ವಿಬಿಂದು ವರ್ಗೀಕರಣದಲ್ಲಿ ವಿಷಯವನ್ನು ಸಿದ್ಧವಾದ ಒಂದು ಗೂಡಿನಲ್ಲಿ ಇಡುವ ಬದಲು ಅದರ ಮುಖಗಳನ್ನು ಒಂದೊಂದಾಗಿ ಬಿಡಿಸಿ, ಆ ಬಳಿಕ ನಿಯತವಾದ ಕ್ರಮದಲ್ಲಿ ಕೂಡಿಸುವ ಪದ್ಧತಿಯಿದೆ. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ೧೯೬೨ರಲ್ಲಿ ಅವರು ಸ್ಥಾಪಿಸಿದ ದಾಖಲೆಶಾಸ್ತ್ರದ ತರಬೇತಿ ಕೇಂದ್ರವೂ ಆ ನಗರದಲ್ಲಿಯೇ ಇದೆ. ಗಾಯಕ, ಪದ್ಧತಿ, ರಾಗ, ಪ್ರಕಾರ, ಸಾಹಿತ್ಯದ ಭಾಷೆ, ಸ್ಥಳ, ಕಾಲ ಎಂಬ ಮುಖಗಳನ್ನು ಬೇರ್ಪಡಿಸಿ ನೋಡುವ ಅಭ್ಯಾಸ ಧ್ವನಿಮುದ್ರಿಕೆಗೆ ಎಷ್ಟು ಒಪ್ಪುತ್ತದೆಯೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೂ ಇಲ್ಲೊಂದು ಮಿತಿಯಿದೆ. ಮುಖಗಳನ್ನೆಲ್ಲ ಕೂಡಿಸಿ ಕೊನೆಗೆ ಒಂದೇ ವರ್ಗಸಂಖ್ಯೆಯನ್ನು ಮಾಡಿ, ಅದರ ಪ್ರಕಾರವೇ ವಸ್ತುವನ್ನು ಕಪಾಟಿನಲ್ಲಿ ಇಡಬೇಕೆಂದರೆ ಹಳೆಯ ತೊಡಕು ಮರಳಿ ಬರುತ್ತದೆ. ೭೮ ಸುತ್ತಿನ ಹತ್ತಂಗುಲದ ತಟ್ಟೆಯ ಒಂದೊಂದು ಬದಿಯಲ್ಲಿ ಮೂರು ಮಿನಿಟಿಗಿಂತ ತುಸು ಹೆಚ್ಚಿನ ಹಾಡು ಹಿಡಿಯುತ್ತದೆ. ಒಂದು ಬದಿಗೆ ಖ್ಯಾಲು, ಇನ್ನೊಂದು ಬದಿಗೆ ನಾಟಕದ ಪದ. ಒಂದು ಬದಿಗೆ ಭೂಪಾಲಿ, ಇನ್ನೊಂದು ಬದಿಗೆ ಭೈರವಿ. ತಟ್ಟೆ ಒಂದು, ವಿಷಯಗಳು ಎರಡು. ಅದನ್ನು ಎರಡು ಕಡೆ ಇಡುವುದು ಯಾವ ಪದ್ಧತಿಯಿಂದಲೂ ಸಾಧ್ಯವಿಲ್ಲ.

೪

ಆದುದರಿಂದ ಮೊದಲು ಮಾಡಬೇಕಾದ ನಿರ್ಣಯವೆಂದರೆ ಸ್ಥಳವನ್ನೂ ವರ್ಗವನ್ನೂ ಒಂದರಿಂದೊಂದು ಬಿಡಿಸುವುದು. ತಟ್ಟೆ ಎಲ್ಲಿದೆ ಎಂಬುದಕ್ಕೆ ಉತ್ತರ ಒಂದೇ ಆಗಿರಬೇಕು. ತಟ್ಟೆಯಲ್ಲಿ ಏನಿದೆ ಎಂಬುದಕ್ಕೆ ಉತ್ತರಗಳು ಎಷ್ಟಾದರೂ ಇರಬಹುದು. ಅಳತೆಗೆ ತಕ್ಕಂತೆ ಹತ್ತಂಗುಲದವನ್ನು ಒಂದೆಡೆ, ಹನ್ನೆರಡಂಗುಲದವನ್ನು ಒಂದೆಡೆ, ಸುರುಳಿಪಟ್ಟಿಗಳನ್ನು ಇನ್ನೊಂದೆಡೆ ಇರಿಸಿ, ಬಂದ ಕ್ರಮದಲ್ಲಿ ದಾಖಲೆ ಸಂಖ್ಯೆಯನ್ನು ಕೊಟ್ಟು, ಆ ಸಂಖ್ಯೆಯ ಸ್ಥಳವನ್ನು ಎಂದೂ ಬದಲಿಸದಿರುವುದೇ ಮೇಲು. ಹೊಸ ತಟ್ಟೆ ಬಂದಾಗ ಹಳೆಯವನ್ನು ಸರಿಸಬೇಕಾಗುವುದಿಲ್ಲ. ಒಡೆಯುವ ಭಯ ಕಡಿಮೆಯಾಗುತ್ತದೆ. ವರ್ಗೀಕರಣವೆಲ್ಲ ಸೂಚಿಯಲ್ಲಿ ನಡೆಯಲಿ.

ಲೆಕ್ಕಪತ್ರದ ರೀತಿಯನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಹಣ ತಿಜೋರಿಯಲ್ಲಿ ಒಂದೇ ಕಡೆ ಇರುತ್ತದೆ. ಅದೇ ವ್ಯವಹಾರ ರೋಜುಕೀರ್ದಿಯಲ್ಲಿ ತಾರೀಖಿನ ಕ್ರಮದಲ್ಲಿ ಒಮ್ಮೆ ಬರುತ್ತದೆ. ಖಾತೆಗಳಲ್ಲಿ ಸಂಬಂಧಪಟ್ಟ ಹೆಸರುಗಳಿಗೆಲ್ಲ ಬೇರೆ ಬೇರೆಯಾಗಿ ಏರುತ್ತದೆ. ಒಂದು ಖಾತೆಗೆ ಏರಿಸಿ ಇನ್ನೊಂದನ್ನು ಬಿಟ್ಟರೆ ಲೆಕ್ಕ ತಾಳೆಯಾಗದು. ಧ್ವನಿಮುದ್ರಿಕೆಯ ದಾಖಲೆ ಪುಸ್ತಕವೇ ರೋಜುಕೀರ್ದಿ. ಗಾಯಕ, ರಾಗ, ಕವಿ, ಭಾಷೆ, ಊರು ಇವು ಖಾತೆಗಳು. ಎಷ್ಟೋ ಸಂಗ್ರಹಗಳಲ್ಲಿ ಈ ಎರಡನ್ನು ಒಂದೇ ಎಂದು ತಿಳಿದುದರಿಂದಲೇ ಗೊಂದಲ ಬೆಳೆದಿದೆ.

ಸ್ಥಳದ ಪ್ರಶ್ನೆ ಹೀಗೆ ಬಗೆಹರಿದರೂ ಖಾತೆಗಳ ಶಿರೋನಾಮೆಯ ಪ್ರಶ್ನೆ ಉಳಿಯುತ್ತದೆ. ಕನ್ನಡಿಗರ ಮಟ್ಟಿಗೆ ನಿಜವಾದ ನಷ್ಟವಾಗುವುದು ಇಲ್ಲಿಯೇ.

ಮೊದಲನೆಯದು ಹೆಸರಿನ ಖಾತೆ. ಗಂಗೂಬಾಯಿ ಹಾನಗಲ್ ಅವರ ತಾರುಣ್ಯದ ಮುದ್ರಿಕೆಗಳು ಗಾಂಧಾರಿ ಎಂಬ ಹೆಸರಿಗೆ ಹುಬ್ಬಳ್ಳಿಯ ಹೆಸರನ್ನು ಸೇರಿಸಿ ಹೊರಬಿದ್ದುವು. ಹಾನಗಲ್ ಎಂಬ ಶಬ್ದವನ್ನು ಮಾತ್ರ ಹುಡುಕುವವನಿಗೆ ಆ ಎಳೆಯ, ತೆಳುವಾದ ಕಂಠ ಸಿಕ್ಕುವುದಿಲ್ಲ. ಮುಂದೆ ಅದೇ ಕಂಠ ಹೇಗೆ ಗಂಭೀರವಾಗಿ ತಿರುಗಿತೆಂಬುದನ್ನು ಹೋಲಿಸಿ ನೋಡುವ ಅವಕಾಶವೂ ತಪ್ಪುತ್ತದೆ. ಸವಾಯಿ ಗಂಧರ್ವ, ಬಾಲಗಂಧರ್ವ, ಕುಮಾರ ಗಂಧರ್ವ, ಛೋಟಾ ಗಂಧರ್ವ ಇವರ ಹೆಸರಿನ ಕೊನೆಯ ಶಬ್ದವನ್ನು ಮನೆತನದ ಹೆಸರೆಂದು ಹಿಡಿಯುವ ಸೂಚಿಯಲ್ಲಿ ಕುಂದಗೋಳದ ರಾಮಭಾವು, ನಾರಾಯಣ ಶ್ರೀಪಾದ ರಾಜಹಂಸ, ಸೂಳೇಭಾವಿಯ ಶಿವಪುತ್ರ ಕೊಂಕಾಳಿಮಠ, ಸೌದಾಗರ ನಾಗನಾಥ ಗೋರೆ ಈ ನಾಲ್ವರೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಇದಕ್ಕೆ ವಿರುದ್ಧವಾಗಿ ಅಬ್ದುಲ್ ಕರೀಮ್ ಖಾನರ ಮಕ್ಕಳಾದ ಸುರೇಶಬಾಬು ಮಾನೆ, ಹೀರಾಬಾಯಿ ಬಡೋದೇಕರ, ಸರಸ್ವತಿ ರಾಣೆ ಮೂರು ಮನೆತನದವರಾಗಿ ಮೂರು ಕಡೆ ಚದರುತ್ತಾರೆ. ಕಲಕತ್ತೆಯ ಗೋಹರ್ ಜಾನರೂ, ಬಾಲಗಂಧರ್ವರೊಡನೆ ರಂಗಭೂಮಿಯಲ್ಲಿ ನಟಿಸಿದ ವಿಜಾಪುರ ಸೀಮೆಯ ಗೋಹರಬಾಯಿ ಕರ್ನಾಟಕಿಯವರೂ ಒಬ್ಬರೇ ಎಂದು ಅವಸರದ ಸೂಚೀಕಾರನು ಭ್ರಮಿಸಬಹುದು. ಆದಕಾರಣ ಚೀಟಿಯ ಮೇಲೆ ಇದ್ದ ಹೆಸರನ್ನು ಇದ್ದಂತೆಯೇ ಬರೆದು, ಎಲ್ಲ ರೂಪಗಳನ್ನೂ ನಿರ್ಣಯಿಸಿದ ಒಂದು ರೂಪಕ್ಕೆ ಕಟ್ಟುವುದು ಅವಶ್ಯ.

ಈ ಹೆಸರುಗಳಲ್ಲಿಯೇ ಇನ್ನೊಂದು ಸಂಗತಿ ಅಡಗಿದೆ. ಕುಂದಗೋಳಕರ, ಹುಬಳೀಕರ, ಕರ್ನಾಟಕಿ: ಮರಾಠಿ ಪ್ರತ್ಯಯವನ್ನು ಹೊತ್ತ ಈ ಶಬ್ದಗಳು ಕನ್ನಡದ ಊರು-ನಾಡುಗಳನ್ನು ಒಳಗೆ ಇಟ್ಟುಕೊಂಡಿವೆ. ಬಿಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಹಿಂದಿ ಚಲಚ್ಚಿತ್ರಗಳ ಗಾಯಕಿಯಾಗಿ ಪ್ರಸಿದ್ಧರಾದರು; ಅವರ ತಟ್ಟೆಗಳನ್ನು ಹಿಂದಿ ಚಿತ್ರಗೀತೆಯ ಕಪಾಟಿನಲ್ಲಿಯಲ್ಲದೆ ಬೇರೆಲ್ಲಿಯೂ ಯಾರೂ ಹುಡುಕರು. ಊರಿನ ಖಾತೆಯೊಂದಿದ್ದರೆ ಬಿಳಗಿ, ಕುಂದಗೋಳ, ಮನಸೂರ, ಸೂಳೇಭಾವಿ ಎಂಬ ಶಿರೋನಾಮೆಗಳ ಕೆಳಗೆ ಇವರೆಲ್ಲ ತಾವಾಗಿಯೇ ಬಂದು ಸೇರುವರು.

೫

ಎರಡನೆಯದು ರಾಗದ ಖಾತೆ. ಪಂಡಿತ ಭಾತಖಂಡೆಯವರು ವೇಂಕಟಮಖಿಯ ಎಪ್ಪತ್ತೆರಡು ಮೇಳಗಳ ವಿಚಾರದಿಂದ ಸ್ಫೂರ್ತಿ ಪಡೆದು ಹಿಂದುಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ವಿಂಗಡಿಸಿದರು. ಪಾಠಶಾಲೆಗೆ ಅನುಕೂಲವಾದ ಈ ವಿಂಗಡಣೆಯನ್ನು ಸೂಚಿಗೆ ತಂದರೆ ಮಿಶ್ರರಾಗಗಳೂ ಜೋಡುರಾಗಗಳೂ ಎಲ್ಲಿ ಸೇರಬೇಕೆಂಬುದು ತಿಳಿಯದು. ಅದಕ್ಕಿಂತ ರಾಗದ ಹೆಸರನ್ನು ಅಕಾರಾದಿಯಾಗಿ ಇಡುವುದೇ ಲೇಸು. ಆದರೆ ಹೆಸರೂ ವಂಚಿಸುತ್ತದೆ. ಹಿಂದುಸ್ತಾನಿಯ ಮಾಲಕಂಸ ದಕ್ಷಿಣದಲ್ಲಿ ಹಿಂದೋಳ. ಹಿಂದುಸ್ತಾನಿಯ ಹಿಂಡೋಲವಾದರೋ ಬೇರೆಯೇ ರಾಗ. ದಕ್ಷಿಣದ ತೋಡಿಯ ಸ್ವರಗಳು ಉತ್ತರದ ಭೈರವಿಯ ಸ್ವರಗಳಿಗೆ ಸಮ. ಉತ್ತರದ ತೋಡಿಯ ಸ್ವರಗಳನ್ನು ದಕ್ಷಿಣದಲ್ಲಿ ಶುಭಪಂತುವರಾಳಿಯಲ್ಲಿ ಕಾಣಬೇಕು. ಪದ್ಧತಿ ಯಾವುದೆಂದು ಬರೆಯದೆ ಕೇವಲ ತೋಡಿ ಎಂದು ಬರೆದ ನಮೂದು ಓದುಗನನ್ನು ದಾರಿತಪ್ಪಿಸುತ್ತದೆ. ಎರಡೂ ಪದ್ಧತಿಗಳು ಬದುಕಿರುವ ಒಂದೇ ನಾಡು ಕರ್ನಾಟಕವಾದುದರಿಂದ ಈ ಎಚ್ಚರ ಕನ್ನಡ ಸಂಗ್ರಹಗಳಿಗೆ ಇತರರಿಗಿಂತ ಹೆಚ್ಚು ಅವಶ್ಯ. ಮೈಸೂರಿನ ಮನೆಯಿಂದ ಬಂದ ತಟ್ಟೆಯೂ ಧಾರವಾಡದ ಮನೆಯಿಂದ ಬಂದ ತಟ್ಟೆಯೂ ಪುಣೆಯ ಕನ್ನಡಿಗರ ಒಂದೇ ಕಪಾಟಿನಲ್ಲಿ ಕೂಡಬಹುದಷ್ಟೆ.

ಇದೇ ಎಳೆಯಲ್ಲಿ ಕರ್ನಾಟಕ ಎಂಬ ಶಬ್ದವನ್ನೂ ವಿಚಾರಿಸಬೇಕು. ಸಂಗೀತದ ಸೂಚಿಗಳಲ್ಲಿ ಆ ಶಬ್ದಕ್ಕೆ ದಕ್ಷಿಣಾದಿ ಪದ್ಧತಿಯೆಂದೇ ಅರ್ಥ. ಆದುದರಿಂದ ಕರ್ನಾಟಕದ ಗಾಯಕರೆಂದು ಹುಡುಕಿದವನಿಗೆ ತಂಜಾವೂರಿನ ವಿದ್ವಾಂಸರು ಸಿಕ್ಕುತ್ತಾರೆ, ಕುಂದಗೋಳದವರು ಸಿಕ್ಕುವುದಿಲ್ಲ. ಮರಾಠಿ ಸಂಗೀತನಾಟಕದವರಿಗೆ ಕರ್ನಾಟಕಿ ಚಾಲ್ ಎಂದರೆ ಕನ್ನಡ ನಾಡಿನಿಂದ ಬಂದ ಧಾಟಿ. ೧೮೮೦ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೆಂಬುದನ್ನು ನೆನೆದರೆ ಆ ಧಾಟಿಗಳ ಬರವು ಆಶ್ಚರ್ಯವೆನಿಸದು. ಅಬ್ದುಲ್ ಕರೀಮ್ ಖಾನರು ಉತ್ತರದ ಗಾಯಕರಾಗಿದ್ದೂ ದಕ್ಷಿಣದ ಕೃತಿಯನ್ನು ಹಾಡಿ ಮುದ್ರಿಸಿದರು. ಪದ್ಧತಿ, ನಾಡು, ಧಾಟಿ, ಭಾಷೆ ಎಂಬ ನಾಲ್ಕು ಅರ್ಥಗಳಿಗೆ ಒಂದೇ ಶಬ್ದವನ್ನು ಬಳಸುವ ಸೂಚಿ ನಾಲ್ಕನ್ನೂ ಕೆಡಿಸುತ್ತದೆ.

ಮೂರನೆಯದು ಸಾಹಿತ್ಯದ ಖಾತೆ. ವಚನ, ದಾಸರ ಪದ, ತತ್ತ್ವಪದ, ನಾಟಕದ ಪದ, ಭಾವಗೀತ ಇವುಗಳನ್ನೆಲ್ಲ ಭಕ್ತಿಗೀತ, ಲಘುಸಂಗೀತ ಎಂಬ ಎರಡು ಗೋಣಿಗಳಲ್ಲಿ ತುಂಬುವ ಅಭ್ಯಾಸ ಬಹಳ ಕಡೆ ಕಂಡುಬರುತ್ತದೆ. ಚೀಟಿಯ ಮೇಲೆ ಕವಿಯ ಹೆಸರಿಲ್ಲದುದನ್ನೇ ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಆದರೆ ಕನ್ನಡದ ಈ ಸಾಹಿತ್ಯ ತನ್ನ ಗುರುತನ್ನು ತನ್ನೊಳಗೇ ಹೊತ್ತುಕೊಂಡು ಬಂದಿದೆ. ಕೂಡಲಸಂಗಮದೇವ, ಪುರಂದರವಿಠಲ, ಕಾಗಿನೆಲೆಯಾದಿಕೇಶವ ಎಂಬ ಅಂಕಿತಗಳು ಹಾಡಿನ ಕೊನೆಯಲ್ಲಿ ಕವಿ ಯಾರೆಂಬುದನ್ನು ಹೇಳುತ್ತವೆ. ಗೋಹರ್ ಜಾನರು ತಟ್ಟೆಯ ಕೊನೆಯಲ್ಲಿ ಹೆಸರನ್ನು ಹೇಳಿದುದಕ್ಕಿಂತ ಶತಮಾನಗಳಷ್ಟು ಹಿಂದೆಯೇ ಶರಣರೂ ದಾಸರೂ ಈ ಕೆಲಸವನ್ನು ಮಾಡಿದ್ದರು. ಅಂಕಿತಕ್ಕೊಂದು ಖಾತೆಯನ್ನು ತೆರೆಯುವುದು ಕನ್ನಡ ಧ್ವನಿಮುದ್ರಿಕೆಗಳ ಸೂಚಿಯ ಸ್ವಂತ ಲಕ್ಷಣವಾಗಬೇಕು. ಅಂಕಿತವಿದ್ದ ಮಾತ್ರಕ್ಕೆ ಕರ್ತೃತ್ವ ಸಿದ್ಧವಾಗುವುದಿಲ್ಲ, ಪ್ರಕ್ಷಿಪ್ತಗಳೂ ಉಂಟು ಎಂಬ ಆಕ್ಷೇಪ ಸರಿಯೇ. ಅದಕ್ಕಾಗಿಯೇ ಅಂಕಿತವನ್ನು ಅಂಕಿತವೆಂದೂ ಕವಿಯನ್ನು ಕವಿಯೆಂದೂ ಬೇರೆ ಬೇರೆಯಾಗಿ ಬರೆಯಬೇಕು. ಮೊದಲನೆಯದು ಕಿವಿಯ ಸಾಕ್ಷಿ, ಎರಡನೆಯದು ವಿದ್ವಾಂಸರ ನಿರ್ಣಯ. ಕೇಳದೆ ಈ ನಮೂದನ್ನು ಮಾಡಲು ಬಾರದು; ಕನ್ನಡ ತಿಳಿಯದವನಿಗಂತೂ ಸರ್ವಥಾ ಬಾರದು.

ನಾಲ್ಕನೆಯದು ಸಂದರ್ಭದ ಖಾತೆ. ಉತ್ಸವಗಳಲ್ಲಿ, ಮನೆಯ ಬೈಠಕ್ಕುಗಳಲ್ಲಿ ಸುರುಳಿಪಟ್ಟಿಯ ಮೇಲೆ ಹಿಡಿದಿಟ್ಟ ಗಾಯನಕ್ಕೆ ಅಚ್ಚಿನ ಸಂಖ್ಯೆಯೂ ಇಲ್ಲ, ಮುದ್ರಿತ ಚೀಟಿಯೂ ಇಲ್ಲ. ತಾರೀಖು, ಸ್ಥಳ, ಸಾಥ್ ಕೊಟ್ಟವರ ಹೆಸರು ಇವೇ ಅದರ ಗುರುತು. ಗಂಗೂಬಾಯಿಯವರ ಹಿಂದೆ ಕುಳಿತು ದನಿಗೂಡಿಸುತ್ತಿದ್ದ ಮಗಳು ಕೃಷ್ಣಾ ಹಾನಗಲ್ ಅವರ ಹೆಸರು ನಮೂದಾಗದೆ ಹೋದರೆ ಪಟ್ಟಿಯಲ್ಲಿ ಕೇಳುವ ಎರಡನೆಯ ಕಂಠ ಅನಾಮಧೇಯವಾಗುತ್ತದೆ. ಇಂಥ ಸಂಗ್ರಹಗಳ ಮಹತ್ತ್ವವನ್ನು ಅರಿತು ಅಮೇರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆ ೧೯೮೨ರಲ್ಲಿ ತನ್ನ ಸಂಗೀತ ದಾಖಲೆಗಳ ಕೇಂದ್ರವನ್ನು ಪುಣೆಯಲ್ಲಿಯೇ ತೆರೆಯಿತು. ಆ ಕೇಂದ್ರ ಅನಂತರ ದೆಹಲಿಯ ಕಡೆಗೆ ಹೋಗಿ ಈಗ ಗುರುಗ್ರಾಮದಲ್ಲಿದೆ. ಪುಣೆಯಲ್ಲಿ ಉಳಿದ ಮನೆಮನೆಯ ಸಂಗ್ರಹಗಳ ಹೊಣೆ ಪುಣೆಯವರದೇ.

೬

ಈ ವಿಚಾರಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಈಗ ಎಲ್ಲವನ್ನೂ ಗಣಕಕ್ಕೆ ಏರಿಸುವ ಕಾಲ, ಒಂದು ಶಬ್ದವನ್ನು ಒತ್ತಿದರೆ ಬೇಕಾದುದು ಬರುವಾಗ ಖಾತೆಗಳ ಚಿಂತೆ ಏಕೆ? ಗಣಕವು ಬರೆದುದನ್ನು ಮಾತ್ರ ಹುಡುಕಬಲ್ಲುದು. ಗಾಂಧಾರಿಯೇ ಗಂಗೂಬಾಯಿ ಎಂದು ಯಾರೂ ಬರೆಯದಿದ್ದರೆ ಅದು ತಾನಾಗಿ ಹೇಳದು. ಅಷ್ಟೇ ಅಲ್ಲ, ತಟ್ಟೆಯ ಧ್ವನಿಯನ್ನು ಗಣಕಕ್ಕೆ ಇಳಿಸುವಾಗ ಚೀಟಿಯನ್ನೂ ಸಂಖ್ಯೆಯನ್ನೂ ಬರೆದುಕೊಳ್ಳದೆ ಬಿಟ್ಟರೆ, ತಟ್ಟೆಯೊಡನೆ ಇದ್ದ ಗುರುತು ಕಳೆದು ಧ್ವನಿ ಮಾತ್ರ ಉಳಿಯುತ್ತದೆ. ಹೀಗೆ ಗುರುತು ಕಳೆದುಕೊಂಡ ಧ್ವನಿ ನೂರು ಕಡೆ ನಕಲಾದರೂ ಇತಿಹಾಸಕ್ಕೆ ಸಾಕ್ಷಿಯಾಗಲಾರದು. ಯಂತ್ರ ಬದಲಾದಂತೆ ಸೂಚೀಕಾರನ ಹೊಣೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಸಂಗೀತಕ್ಕೆ ಭಾಷೆಯ ಎಲ್ಲೆಯಿಲ್ಲ. ಕಿರಾಣಾ ಘರಾಣೆಯವರನ್ನು ಕನ್ನಡದವರು, ಮರಾಠಿಯವರು ಎಂದು ಹಂಚಿಕೊಳ್ಳುವುದು ಆ ಕಲಾವಿದರಿಗೇ ಮಾಡುವ ಅಪಚಾರ ಎಂದು ಪುಣೆಯ ರಸಿಕರು ಹೇಳಿದರೆ ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಭೀಮಸೇನರು ಅಭಂಗಗಳನ್ನೂ ದಾಸರ ಪದಗಳನ್ನೂ ಒಂದೇ ಕಂಠದಿಂದ ಹಾಡಿದರು. ಯಾವುದು ತಮ್ಮದು, ಯಾವುದು ಪರರದು ಎಂಬ ಎಣಿಕೆ ಅಲ್ಲಿ ಕೇಳಿಬರುವುದಿಲ್ಲ. ಆದರೆ ಇಲ್ಲಿ ಬೇಡುತ್ತಿರುವುದು ಪ್ರತ್ಯೇಕವಾದ ಕನ್ನಡ ಕಪಾಟನ್ನಲ್ಲ. ಅಂಥ ಕಪಾಟಿನ ದೋಷವನ್ನು ಮೇಲೆಯೇ ತೋರಿಸಿದೆ. ಬೇಡುತ್ತಿರುವುದು ಅದೇ ತಟ್ಟೆಯನ್ನು ತಲುಪಲು ಇನ್ನೊಂದು ಬಾಗಿಲನ್ನು. ಅಭಂಗವನ್ನು ಅರಸಿ ಬಂದ ಮರಾಠಿ ರಸಿಕನು ಅದರ ಪಕ್ಕದ ನಮೂದಿನಲ್ಲಿ ಪುರಂದರದಾಸರನ್ನು ಕಾಣಲಿ; ದಾಸರ ಪದವನ್ನು ಅರಸಿ ಬಂದ ಕನ್ನಡಿಗನು ತುಕಾರಾಮರನ್ನು ಕಾಣಲಿ. ಒಂದು ಖಾತೆಗೆ ಬರೆದುದರಿಂದ ಇನ್ನೊಂದು ಖಾತೆಯಿಂದ ಯಾವುದೂ ಕಳೆದುಹೋಗುವುದಿಲ್ಲ. ಈಗ ನಡೆದಿರುವ ರೀತಿಯಲ್ಲಿಯಾದರೋ ಒಂದು ಪಕ್ಷದ ಲೆಕ್ಕ ಬರೆಯದೆಯೇ ಉಳಿದಿದೆ.

ಒಟ್ಟಿನಲ್ಲಿ ಹೇಳುವುದಾದರೆ ಇದಕ್ಕೆ ದೊಡ್ಡ ಧನವಾಗಲಿ ಕಟ್ಟಡವಾಗಲಿ ಬೇಡ. ಹೊರನಾಡಿಗೆ ಬಂದ ಮೊದಲ ತಲೆಮಾರಿನವರು ಟ್ರಂಕಿನಲ್ಲಿ ತಂದ ತಟ್ಟೆಗಳು, ಎರಡನೆಯ ತಲೆಮಾರಿನವರು ತುಂಬಿಸಿಕೊಂಡ ಪಟ್ಟಿಗಳು ಇಂದು ಮೂರನೆಯ ತಲೆಮಾರಿನವರ ಅಟ್ಟಗಳಲ್ಲಿವೆ. ಕನ್ನಡವನ್ನು ಓದಬಾರದ ಮೊಮ್ಮಗನಿಗೆ ಆ ಚೀಟಿಗಳು ಮೂಕವಾಗಿವೆ. ಮನೆ ಬದಲಿಸುವಾಗ ಅವನು ಅವನ್ನು ರದ್ದಿಯವನಿಗೆ ಹಾಕಿದರೆ ಅವನನ್ನು ದೂಷಿಸುವಂತಿಲ್ಲ. ಓದಬಲ್ಲವರು, ಅಂಕಿತವನ್ನು ಕೇಳಿ ಗುರುತಿಸಬಲ್ಲವರು, ಕಂಠವನ್ನು ಹೆಸರಿಡಿದು ಹೇಳಬಲ್ಲವರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು. ತಟ್ಟೆಗಳನ್ನು ಮನೆಯವರಿಂದ ಕಿತ್ತು ತರಬೇಕಾಗಿಲ್ಲ; ಯಾರ ಮನೆಯಲ್ಲಿ ಯಾವುದಿದೆ ಎಂಬುದೇ ಸ್ಥಳಸೂಚಿಯಾಗಬಲ್ಲುದು. ಅಚ್ಚಿನ ಸಂಖ್ಯೆ, ಮಾರಾಟದ ಸಂಖ್ಯೆ, ಎರಡೂ ಬದಿಯ ಚೀಟಿಯ ಬರಹ ಇದ್ದಂತೆ, ಕೇಳಿ ನಿರ್ಣಯಿಸಿದ ರಾಗ, ಅಂಕಿತ, ಗಾಯಕರ ಊರು, ಸಾಥಿನವರು: ಇಷ್ಟು ಅಂಕಣಗಳಿರುವ ಒಂದು ದಫ್ತರವನ್ನು ಕನ್ನಡ ಸಂಘಗಳು ತೆರೆದರೆ ಸಾಕು. ವರ್ಗೀಕರಣದ ಉಳಿದ ಸೂಕ್ಷ್ಮಗಳನ್ನು ಮುಂದಿನವರು ತಿದ್ದಿಕೊಳ್ಳಬಹುದು. ಬರೆಯದೆ ಉಳಿದುದನ್ನು ಮಾತ್ರ ಅವರು ತಿದ್ದಲಾರರು.